ಕಾಣದ ಪದ್ಯ

ಗ್ರಿಮ್ಸ್‌ಬಿಯ ಈ ಶಾಲೆಯಲ್ಲಿ ನನಗೆ ನಡೆಯುವ ಕೆಲಸ.
ರಬ್ಬರ್ ಅಟ್ಟೆಯ ಬೂಟು, ಕೊರಳಿಗೊಂದು ಗುರುತುಪಟ್ಟಿ:
ಡೋರೀನ್ ಸೋರ್‌ಬಿ, ಪರೀಕ್ಷಾ ಮೇಲ್ವಿಚಾರಕಿ.
ಮಾತಾಡಬಾರದು, ಓದಬಾರದು, ಫೋನು ಮುಟ್ಟಬಾರದು.
ಸ್ವೆಟರ್ ಹೆಣೆಯಬಾರದು ಅಂತಲೂ ಬರೆದಿದ್ದಾರೆ,
ಹಿಂದೆ ಯಾರೋ ಹೆಣೆದಿರಬೇಕು.

ಬ್ಯಾಸ್ಕೆಟ್‌ಬಾಲ್ ಬಳೆಯ ಕೆಳಗೆ ನೂರ ಹನ್ನೆರಡು ಮೇಜು.
ನೆಲದ ತುಂಬ ಕೆಂಪು, ನೀಲಿ ಗೆರೆ, ಯಾವ ಯಾವ ಆಟದವೋ.
ಲೇಬಲ್ ಕಿತ್ತ ನೀರಿನ ಬಾಟಲಿಗಳು,
ಹದಿನಾರರ ಬೆನ್ನುಗಳು.
ತಗಡಿನ ಮೇಲೆ ಕಡಲಹಕ್ಕಿಗಳ ಜಗಳ,
ಅವಕ್ಕೆ ನಿಯಮ ಹೇಳಿದವರಿಲ್ಲ.

ಇವತ್ತು ಇಂಗ್ಲಿಷ್ ಸಾಹಿತ್ಯ, ಎರಡನೇ ಪತ್ರಿಕೆ.
ಕೊನೆಯದಕ್ಕೆ 'ಕಾಣದ ಪದ್ಯ' ಎನ್ನುತ್ತಾರೆ.
ತರಗತಿಯಲ್ಲಿ ಯಾರೂ ಬಿಡಿಸಿ ಹೇಳಿರುವುದಿಲ್ಲ,
ಹೇಳದೆ ಕೇಳದೆ ಬಂದ ನೆಂಟನ ಹಾಗೆ
ಸೀದಾ ಎದುರಿಗೆ ಬಂದು ಕೂರುತ್ತದೆ.

ನಾನು ಓದುವಂತಿಲ್ಲ.
ಆದರೆ ಮೂವತ್ತೊಂದು ವರ್ಷ ಮೀನು ಸೀಳಿದವಳಿಗೆ
ತಲೆಕೆಳಗಾದದ್ದನ್ನು ನೋಡಿ ಅಭ್ಯಾಸ.
ಬಾಗಿಲ ಹಿಂದೆ ತೂಗುವ ಕೋಟು, ತೀರಿಹೋದ ಅಪ್ಪನದು.
ಗುಂಡಿಗೊಂದು ಸಾಲು, ಕಾಲರಿಗೊಂದು,
ಹರಿದ ಜೇಬಿಗೆ ಎರಡು.
ಕವಿ ತಂದೆಯನ್ನು ಹೇಗೆ ಚಿತ್ರಿಸಿದ್ದಾರೆ?
ಇಪ್ಪತ್ತನಾಲ್ಕು ಅಂಕ.

ಮೂರನೇ ಸಾಲಿನಲ್ಲಿ ಉಗ್ನೆ, ಲಿಥುವೇನಿಯಾದವಳು.
ಮೊದಲ ವರ್ಷ 'ಬಾತ್‌ರೂಮ್ ಎಲ್ಲಿ' ಎನ್ನಲು ಬಾರದೆ ಅತ್ತಳಂತೆ.
ಈಗ ಕೈ ಎತ್ತುತ್ತಾಳೆ, ಇನ್ನೊಂದು ಹಾಳೆ.
ಮತ್ತೆ ಎತ್ತುತ್ತಾಳೆ, ಹಾಳೆ ಕಟ್ಟಲು ಹಸಿರು ದಾರ.
ಅವಳ ಹಿಂದೆ ರೀಸ್, ಓಡ್ಲಿಂಗ್ ಮುದುಕನ ಮೊಮ್ಮಗ.
ಇಂಗ್ಲಿಷಿನಲ್ಲೇ ಹುಟ್ಟಿ ಇಂಗ್ಲಿಷಿನಲ್ಲೇ ಬಿದ್ದೆದ್ದವನು.
ಅವನಪ್ಪ ಬೈಯತೊಡಗಿದರೆ
ಬಂದರಿನಲ್ಲಿ ಕ್ರೇನಿನವರು ಕೆಲಸ ನಿಲ್ಲಿಸಿ ಕೇಳುತ್ತಿದ್ದರು.
ಈ ಮಗನ ಹಾಳೆ
ತೊಳೆದು ಕವುಚಿಟ್ಟ ತಟ್ಟೆ.

ನನಗೆ ಗೊತ್ತು ಅದು.
ಹದಿನೈದಕ್ಕೆ ಶಾಲೆ ಬಿಟ್ಟವಳು ನಾನು.
ಬಿಡುವ ಮೊದಲು ಮಿಸ್ ಕಟ್ಲರ್ ನಿಲ್ಲಿಸಿ ಓದಿಸಿದಳು.
ಹಕಾರ ನುಂಗಿದೆ.
ಮತ್ತೆ ಓದಿಸಿದಳು, ಮತ್ತೆ ನುಂಗಿದೆ.
ಇಡೀ ತರಗತಿ ನಕ್ಕಿತು, ನುಂಗುವವರೇ ಎಲ್ಲರೂ.
ಮನೆಗೆ ಬಂದು ಹೇಳಿದರೆ
ಅಮ್ಮ ಒಂದೂ ಹಕಾರವಿಲ್ಲದೆ ಬೈದಳು,
ಅವಳನ್ನಲ್ಲ, ನನ್ನನ್ನು.
ಪುಣ್ಯಕ್ಕೆ ನನ್ನ ಹೆಸರಲ್ಲಿ ಆ ಅಕ್ಷರವಿಲ್ಲ.

ಹತ್ತು ಐವತ್ತು. ಸೆಖೆ.
ಯಾರದೋ ಮೂಗು ಸೊರಸೊರ.
ಹಿಂದಿನ ಬಾಗಿಲು ತೆರೆದು ಇಟ್ಟಿಗೆ ಕೊಟ್ಟು ನಿಲ್ಲಿಸಿದೆ.
ಅಷ್ಟೇ ಮಾಡಿದ್ದು.
ಹ್ಯಾಡಕ್ ಮೀನನ್ನು ಹೊಗೆಗೊಡ್ಡುವ ಚಿಮಣಿಗಳ ಕಡೆಯಿಂದ
ಗಾಳಿ ಒಳಬಂತು,
ಮರದಪುಡಿ, ಉಪ್ಪು, ಎಣ್ಣೆ ಹಿಡಿದ ಹಗ್ಗ.
ಕೆಲವರು ಮೂಗು ಮುಚ್ಚಿಕೊಂಡರು.
ರೀಸ್ ತಲೆ ಎತ್ತಿದ.
ಬಾಗಿಲ ಕಡೆ ನೋಡಿದ, ನನ್ನ ಕಡೆಯಲ್ಲ.
ಆಮೇಲೆ ಪೆನ್ನಿನ ಟೋಪಿ ಹಲ್ಲಲ್ಲಿ ಕಚ್ಚಿ ತೆಗೆದ.

ಹಾಳೆ ಒಟ್ಟುಮಾಡುವಾಗ ಅವನದು ಏಳೇ ಸಾಲು.
ಓದಬಾರದು. ಓದಿದೆ.
'ಈ ಕೋಟಿಗೆ ವಾಸನೆ ಇಲ್ಲ.
ಗುಂಡಿ ಎಲ್ಲ ಎಣಿಸಿದ್ದಾರೆ,
ಒಂದು ಸಲವೂ ಮೂಗು ಹತ್ತಿರ ತಂದಿಲ್ಲ.
ಅವರಿಗೆ ಭಯ ಇರಬೇಕು.
ನಾನೂ ತರಲಿಲ್ಲ, ಒಂದು ವರ್ಷ.'
'ಭಯ'ದ ಕಾಗುಣಿತ ತಪ್ಪಾಗಿತ್ತು.

ಅದಕ್ಕೆ ಎಷ್ಟು ಅಂಕವೋ.
ಎಲ್ಲೋ ದೂರದ ಊರಲ್ಲಿ ಒಬ್ಬರು, ಬಹುಶಃ ರಾತ್ರಿ,
ಪಕ್ಕದಲ್ಲಿ ಚಹಾ ಆರುತ್ತಿರುವಾಗ,
ಉಗ್ನೆಯ ಹನ್ನೊಂದು ಪುಟ ಮುಗಿಸಿ ಇದಕ್ಕೆ ಬರುತ್ತಾರೆ.
ಅವರ ಕಿಟಕಿ ತೆರೆದಿರುತ್ತದೋ ಇಲ್ಲವೋ.

ನಂಬರಿನ ಪ್ರಕಾರ ಜೋಡಿಸಿ ಚೀಲ ಅಂಟಿಸಿದೆವು.
'ವಿಶೇಷ ಘಟನೆಗಳು' ಎಂಬ ಕಲಮಿನಲ್ಲಿ
ತುಸು ಹೊತ್ತು ಪೆನ್ನು ಹಿಡಿದು ಕೂತಿದ್ದೆ.
ಕೊನೆಗೆ ಬರೆದದ್ದು ಇಷ್ಟು:
ಹತ್ತು ಐವತ್ತಕ್ಕೆ ಸೆಖೆಯ ಕಾರಣ
ಬಾಗಿಲು ತೆರೆಯಲಾಯಿತು.