ತಾರ್ಲೆ

ಬೈತಖೋಲದ ಹರಾಜುಕಟ್ಟೆಯಲ್ಲಿ ಪುಂಡಲೀಕ ಕೂಗುತ್ತಾನೆ
ಬೇರೆ ಯಾರದೋ ಗಂಟಲಾಗಿ.
ಇಸ್ವಾಣದ ಬುಟ್ಟಿ ಅವನ ಕೈಗೆ ಬರುತ್ತದೆ,
ಅವನ ಮನೆಗೆ ಹೋಗುವುದಿಲ್ಲ.
ಕೊಂಡವರು ಯಾರೆಂದು ದೋಣಿಗೆ ಗೊತ್ತಿಲ್ಲ,
ಮೀನಿಗಂತೂ ಮೊದಲೇ ಇಲ್ಲ.
ಪ್ರಾಕ್ಸಿ ಅಂದರೆ ಇಷ್ಟೇ, ಅಂತ ಹೇಳಿಕೊಂಡೆ ನನಗೆ ನಾನೇ,
ಐಸ್ ಫ್ಯಾಕ್ಟರಿಯ ಲೆಕ್ಕದ ಕೋಣೆಯಲ್ಲಿ ಕೂತು.
ಹಲಗೆಗೋಡೆಯಾಚೆ ಮಂಜುಗಡ್ಡೆ ಒಡೆಯುವ ಸದ್ದು.

ಮೊಬೈಲಿನಲ್ಲಿ ಒಂದು ಗುಂಡಿ. ಒತ್ತಿದೆ.
ಆ ಕ್ಷಣದಿಂದ ನಾನು ಹಾಲೆಂಡಿನವಳು.
ಚಳಿ ಏನೂ ಆಗಲಿಲ್ಲ.

ಅಲ್ಲಿಂದ ಇಲಾಖೆಗೆ ದೂರು ಬರೆದೆ:
ದೇವಗಡದ ದೀಪಸ್ತಂಭದಾಚೆ, ರಾತ್ರಿ ಹನ್ನೊಂದರ ಮೇಲೆ,
ಜನರೇಟರು ಹೊತ್ತ ಒಂದು ದೋಣಿ
ನೀರಿಗೆ ಹಗಲು ಸುರಿಯುತ್ತದೆ.
ಬೆಳಕಿಗೆ ಬಂದದ್ದೆಲ್ಲ ಬಲೆಗೆ,
ಬೆರಳುದ್ದದ ತಾರ್ಲೆ ಮರಿ ಕೂಡ.
ಪಾತಿದೋಣಿಯವರು ಖಾಲಿ ಮರಳುತ್ತಾರೆ.
ಸಮುದ್ರಕ್ಕೂ ಕತ್ತಲೆ ಬೇಕು, ಅದೂ ಬಾಣಂತಿಯೇ.

ದೋಣಿಯ ನಂಬರು ಬರೆದೆ.
ಹೆಸರು ಬರೆಯಲಿಲ್ಲ. ಅದು ನನ್ನ ಹೆಸರು,
ನಾನು ಹುಟ್ಟಿದ ವರ್ಷ ಕಾಕಾ ಬರೆಸಿದ್ದು, ಮೂತಿಯ ಮೇಲೆ, ಕೆಂಪು ಬಣ್ಣದಲ್ಲಿ.
ನಿಮಗೂ ಹೇಳುವುದಿಲ್ಲ.

ಪುಂಡಲೀಕನ ಅಂಗಿಜೇಬಿನಲ್ಲಿ ಒಂದು ಚೋಪಡಿ ಇದೆ,
ಮೀನೆಣ್ಣೆಯ ಜಿಡ್ಡು ಹಿಡಿದದ್ದು.
ಯಾರಿಗೆ ಏನು, ಎಷ್ಟಕ್ಕೆ, ಎಲ್ಲ ಅದರಲ್ಲಿ.
ಇದು ನೆನಪಾದದ್ದು ಕಳಿಸಿದ ಮೇಲೆ.
ಪುಕ್ಕಟೆ ಮರೆಮಾಡುವವನು
ಏನೇನು ಬರೆದಿಟ್ಟುಕೊಳ್ಳುತ್ತಾನೋ,
ಅವನ ಜೇಬು ಯಾವ ದೇಶದಲ್ಲಿದೆಯೋ.
ರಾತ್ರಿಯಿಡೀ ಅದೇ.

ಸಿಕ್ಕಿಬಿದ್ದದ್ದು ಅಲ್ಲಿಂದಲ್ಲ.

ನೋಟೀಸಿನ ಜೊತೆ ದೂರಿನ ಪ್ರತಿ ಬಂತು.
ತಟ್ಟೆಯ ಪಕ್ಕ ಇಟ್ಟುಕೊಂಡು ಕಾಕಾ ಗಟ್ಟಿಯಾಗಿ ಓದಿದ.
ಹೆಸರಿಲ್ಲ ಅಂದ.
ಹಾಲೆಂಡಿನಿಂದ ಬಂದಿದೆಯಂತೆ, ಗುಮಾಸ್ತ ಹೇಳಿದ, ಅಂದ.
‘ಹಾಲೆಂಡಿನವರು ತಾರ್ಲೆ ಅಂತಾರೇನು?
ಮಂಗಳೂರಿನವರೇ ಭೂತಾಯಿ ಅಂತಾರೆ.’
ನಕ್ಕ.
ಮುಂದಿನ ಸಾಲಿಗೆ ಬಂದ.
ಸಮುದ್ರಕ್ಕೂ ಕತ್ತಲೆ ಬೇಕು,
ಅಲ್ಲಿ ನಿಂತ.

ಆ ಮಾತು ಈ ಮನೆಯಲ್ಲಷ್ಟೇ ಇದೆ,
ಬಾಗಿಲ ಬಳಿ ಬಲೆಯ ಹರಕು ಹೆಣೆಯುವ ಅಜ್ಜಿಯ ಬಾಯಲ್ಲಿ.
ವಿಳಾಸ ಬದಲಿಸಿದ್ದೆ,
ನಾಲಿಗೆ ಬದಲಿಸಲು ಮರೆತಿದ್ದೆ.
ನನ್ನ ಮುಂದೆ ಗಂಜಿ ಕೆನೆಗಟ್ಟಿತು.

‘ನಾನೇ ಬರೆಸಿದ್ದು’ ಅಂದಳು ಅಜ್ಜಿ,
ಅಕ್ಷರ ಬಾರದವಳು, ಸೂಜಿಯಿಂದ ಕಣ್ಣೆತ್ತದೆ.
‘ಯಾರ ಕೈಲಿ?’
‘ಹಾಲೆಂಡಿನವರ ಕೈಲಿ.’

ಕಾಕಾ ಮುಳ್ಳು ಬಿಡಿಸುತ್ತ ಬಹಳ ಹೊತ್ತು ಕೂತಿದ್ದ.
ಬೆಳಿಗ್ಗೆ ತನ್ನ ಫೋನು ನನ್ನ ಮುಂದಿಟ್ಟ.
ಡೀಸೆಲ್ ಸಬ್ಸಿಡಿಯ ಅರ್ಜಿ, ಇವತ್ತೇ ಕೊನೆ.
‘ನನ್ನ ಹೆಸರಲ್ಲಿ ನೀನೇ ತುಂಬು. ಓಟಿಪಿ ಬರ್ತದೆ.’

ದೋಣಿಯ ಹೆಸರು ಕೇಳುವ ಖಾನೆಯಲ್ಲಿ
ನನ್ನ ಬೆರಳು ನಿಂತಿತು.
ಅವನು ಕಿಟಕಿಯಾಚೆ ನೋಡುತ್ತಿದ್ದ.
‘ಗೊತ್ತುಂಟಲ್ಲ,’ ಅಂದ, ‘ಬರಿ.’