ಸೊಲ್ಯೂಷನ್ ಒಣಗುವ ತನಕ

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನಿಂದ ಇಳಿದರೆ
ತಗಡಿನ ಮೇಲೆ ನನ್ನ ಹೆಸರು: ಆಲಿಕುಟ್ಟಿ ಪಂಕ್ಚರ್.
ಜುಲೈ ಬಂತೆಂದರೆ ಟ್ಯೂಬಿಗಿಂತ ಗಂಬೂಟೇ ಹೆಚ್ಚು,
ಹಿಮ್ಮಡಿ ಸೀಳಿದ್ದು, ಒಳಗೆ ಸತ್ತ ಇಂಬಳ,
ಉಪ್ಪು, ಹೊಗೆಸೊಪ್ಪಿನ ವಾಸನೆ.

ಅವತ್ತು ಬಂದವಳು ದೇಚಕ್ಕ,
ಪೊನ್ನಂಪೇಟೆಯ ಫಾರೆಸ್ಟ್ ಕಾಲೇಜಿನವಳು.
ಒಂಟಿಕಾಲಲ್ಲಿ ನಿಂತು ಬೂಟು ಕೊಟ್ಟಳು.
ಒರೆಸಿದೆ, ಉಜ್ಜಿದೆ, ಸೊಲ್ಯೂಷನ್ ಸವರಿ ಊದಿದೆ.
ಕೂತ್ಕೊ ಮೋಳೇ, ಒಣಗಬೇಕು.
ಒದ್ದೆಗೆ ಇದು ಹಿಡಿಯೋದಿಲ್ಲ;
ಈ ಅಂಟು ಮಾಡಿದವನು ಕೊಡಗಿನ ಮಳೆ ಕಂಡವನಲ್ಲ.

ಟ್ಯೂಬ್‌ಲೈಟಿನ ಪಕ್ಕದ ಹಲ್ಲಿಯನ್ನೇ ನೋಡುತ್ತಿದ್ದಳು.
ಅದರ ಕಾಲಲ್ಲಿ ಅಂಟೇ ಇಲ್ಲ, ಕಾಕ.
ಕೂದಲು. ಕೂದಲ ತುದಿ ಸೀಳಿ ಮತ್ತೂ ಕೂದಲು.
ಗೋಡೆಗೆ ತೀರಾ ಹತ್ತಿರ ಹೋಗುತ್ತೆ, ಅಷ್ಟೆ.
ಅದನ್ನು ನೋಡಿ ಯಾವುದೋ ಲ್ಯಾಬಿನಲ್ಲಿ
ಒಂದು ಪಟ್ಟಿ ಮಾಡಿದ್ದಾರೆ,
ಗಾಜಿಗೆ ಒತ್ತಿದರೆ ಆಳನ್ನೇ ತೂಗುತ್ತೆ,
ಕಿತ್ತರೆ ಕಲೆಯೂ ಇಲ್ಲ.

ಕಾಫಿ ಬುಡದ ಚಿಪ್ಪಿಲ್ಲದ ಬಸವನಹುಳುವಿನ
ಸಿಂಬಳದಿಂದಲೂ ಪಾಠ ಕಲಿತಿದ್ದಾರಂತೆ:
ರಕ್ತ ಸೋರುವ ಗಾಯಕ್ಕೂ ಕಚ್ಚಿಕೊಳ್ಳುವ ಅಂಟು.
ನಾವು ಅದರ ಮೇಲೆ ಉಪ್ಪು ಎರಚುತ್ತೇವೆ.

ಮರಗಪ್ಪೆಯ ಬೆರಳಡಿಯಲ್ಲಿ ಸಣ್ಣ ಸಣ್ಣ ಕಾಲುವೆ,
ನೀರು ಅದರಲ್ಲಿ ಹರಿದುಹೋಗಿ,
ಎಂದು ಅವಳು ಶುರುಮಾಡಿದ್ದೇ ತಡ
ಎದ್ದೆ, ಒಳಗಿನಿಂದ ಜೀಪಿನ ಹೊಸ ಟೈರು ಉರುಳಿಸಿ ತಂದೆ,
ಅವಳ ಬೆರಳು ಹಿಡಿದು ಪಟ್ಟೆಯ ಗಾಡಿಯಲ್ಲಿ ಓಡಿಸಿದೆ.
ಇದಾ?
ಇದೇ, ಅಂದಳು. ಪುಸ್ತಕ ತೆಗೆದು ಏನೋ ಬರೆದುಕೊಂಡಳು.
ಮೂವತ್ತೊಂದು ವರ್ಷ ನಾನು ಕಪ್ಪೆಗಾಲು ರಿಪೇರಿ ಮಾಡುತ್ತಿದ್ದೆ,
ಯಾರೂ ಹೇಳಿರಲಿಲ್ಲ.

ಆದರೂ ಕೇಳಿದೆ:
ಅಷ್ಟು ಗಟ್ಟಿ ಹಿಡಿದರೆ ಹಲ್ಲಿ ಓಡುವುದು ಹೇಗೆ?
ಬೆರಳ ತುದಿ ಮೇಲಕ್ಕೆ ಸುರುಳುತ್ತೆ ಕಾಕ,
ತುದಿಯಿಂದ ಬಿಡಿಸಿಕೊಳ್ಳುತ್ತೆ.
ಅದು ನನಗೆ ಗೊತ್ತು.
ಹಳೇ ಪ್ಯಾಚನ್ನು ನೆಟ್ಟಗೆ ಎಳೆದರೆ ಟ್ಯೂಬೇ ಹರಿಯುತ್ತೆ,
ಮೂಲೆ ಹಿಡಿದರೆ ತಾನಾಗಿ ಬರುತ್ತೆ.
ಅಂಟಿಸುವುದನ್ನು ಎರಡು ದಿನದಲ್ಲಿ ಕಲಿತೆ,
ಬಿಡಿಸುವುದಕ್ಕೆ ವರ್ಷ ಹಿಡಿಯಿತು.

ನನ್ನ ಹೆಬ್ಬೆರಳನ್ನು ಅವಳಿಗೆ ತೋರಿಸಿದೆ.
ಕಳೆದ ತಿಂಗಳು ರೇಷನ್ ಅಂಗಡಿಯ ಮಷೀನು
ಆರು ಸಲ ಒತ್ತಿಸಿಕೊಂಡು ಆರು ಸಲವೂ
ನೀನಲ್ಲ ಅಂತು.
ಗೆರೆಯೆಲ್ಲ ಸೊಲ್ಯೂಷನ್ ತಿಂದಿದೆ.
ಕೊನೆಗೆ ಬೀವಿ ಬಂದು ಬೆರಳಿಟ್ಟಳು, ಅಕ್ಕಿ ಸಿಕ್ಕಿತು.

ದೇಚಕ್ಕ ಅದನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದಳು,
ಹಲ್ಲಿಯನ್ನು ನೋಡಿದ ಹಾಗೇ.
ಬರೆದುಕೊಳ್ಳಲಿಲ್ಲ.
ಮೇಲೆ ಅದು ಲೊಚಗುಟ್ಟಿತು. ಏನು ನಿಜವೆಂದಿತೋ.

ಪ್ಯಾಚು ಒತ್ತಿ ಸುತ್ತಿಗೆಯಿಂದ ಬಡಿದೆ.
ನಲವತ್ತು ರೂಪಾಯಿ.
ಮೂರು ದಿನ ತಾಳುತ್ತೆ ಎಂದೆ,
ಶುಕ್ರವಾರ ಮತ್ತೆ ಬಂದಳು,
ಅದೇ ಬೂಟು, ಅದೇ ಹಿಮ್ಮಡಿ,
ಬೆಂಕಿಪೊಟ್ಟಣದಲ್ಲಿ ನನಗೆ ತೋರಿಸಲೆಂದು ತಂದ
ಹೆಬ್ಬೆರಳುಗುರಿನಷ್ಟು ಹಸಿರು ಕಪ್ಪೆ.
ಪೊಟ್ಟಣ ತೆರೆದೆವು.
ಅದು ಹಾರಿ ನನ್ನ ಮಣಿಕಟ್ಟಿನ ಮೇಲೆ ಕೂತಿತು,
ಒದ್ದೆಯಾಗಿ, ತಣ್ಣಗೆ,
ಬೇಕೆನಿಸುವಷ್ಟು ಹೊತ್ತು.