ಈರುಳ್ಳಿ ಸಿಪ್ಪೆಯ ಕೆಂಪು

ಶ್ಕೋಡ್ರದ ತಂಬಾಕು ಕಾರ್ಖಾನೆಯಲ್ಲಿ
ಮೂರನೇ ಸಾಲು, ಕಿಟಕಿಯ ಪಕ್ಕ,
ನನ್ನ ಬಲಕ್ಕೆ ಕೂರುತ್ತಿದ್ದವಳು ಪ್ರೆಂದೆ.
ಎಲೆಯ ನಡುದಂಟು ಸೀಳಿ ತೆಗೆಯುವುದು ನಮ್ಮ ಕೆಲಸ.
ಕೈ ಯಾವಾಗಲೂ ಕಂದು. ಎಷ್ಟು ತಿಕ್ಕಿದರೂ
ಮಗುವಿನ ಬಾಯಿಗಿಟ್ಟ ಬೆರಳು ಕಹಿ.

ದೇವರನ್ನು ರದ್ದು ಮಾಡಿ ಆಗ ಏಳು ವರ್ಷ.
ದೊಡ್ಡ ಇಗರ್ಜಿಯೊಳಗೆ ವಾಲಿಬಾಲ್ ಆಡುತ್ತಿದ್ದರು.
ನನ್ನಜ್ಜ ಬಾಂಗು ಕೂಗುತ್ತಿದ್ದ ಮಿನಾರು
ಮೊಣಕಾಲೆತ್ತರದ ಕಲ್ಲುರಾಶಿ.
ನಾವು ಮಾತಾಡುತ್ತಿದ್ದದ್ದು ಉಪ್ಪಿನ ಬಗ್ಗೆ,
ಸೀಮೆಎಣ್ಣೆಯ ಬಗ್ಗೆ, ಸರತಿ ಸಾಲಿನ ಬಗ್ಗೆ.
ಗೋಡೆಗೂ ಕಿವಿಯಿತ್ತು ಎನ್ನುತ್ತಾರೆ ಜನ.
ಪಾಪ, ಗೋಡೆಯ ಮೇಲೇಕೆ ಹೊರಿಸಲಿ?
ಕಿವಿ ಇದ್ದದ್ದು ನನಗೆ.

ತಿಂಗಳಿಗೊಮ್ಮೆ, ಗೋದಾಮಿನ ಹಿಂದಿನ ಕೋಣೆಯಲ್ಲಿ
ಬೂದು ಕೋಟಿನವನು ಕೇಳುತ್ತಿದ್ದ: ಯಾರು ಏನಂದರು?
ಹೇಳುತ್ತಿದ್ದೆ. ಪ್ರತಿಯಾಗಿ
ಮಗನ ಕೆಮ್ಮಿಗೆ ಔಷಧಿ,
ಒಮ್ಮೊಮ್ಮೆ ಬೆಣ್ಣೆ.

ಏಪ್ರಿಲ್ಲಿನ ಒಂದು ಸೋಮವಾರ, ಊಟದ ಹೊತ್ತು.
ನಲವತ್ತು ಹೆಂಗಸರು, ತಗಡಿನ ತಟ್ಟೆಗಳ ಸದ್ದು.
ಪ್ರೆಂದೆ ಜೇಬಿಗೆ ಕೈ ಹಾಕಿ
ಒಂದು ಮೊಟ್ಟೆ ತೆಗೆದಳು.
ಕೆಂಪು.
ಈರುಳ್ಳಿ ಸಿಪ್ಪೆ ಕುದಿಸಿ ಬರಿಸಿದ ಕೆಂಪು,
ಅಲ್ಲಲ್ಲಿ ಮಾಸಲು, ಒಂದು ಕಡೆ ಬೆರಳಚ್ಚು.

ಮುಚ್ಚಿಟ್ಟುಕೊಂಡು ತಿನ್ನಬಹುದಿತ್ತು,
ಕತ್ತಲಲ್ಲಿ, ಕಂಬಳಿಯೊಳಗೆ, ಸಿಪ್ಪೆಯನ್ನು ಒಲೆಗೆ ಹಾಕಿ.
ಊರಿನ ಎಷ್ಟೋ ಮನೆಗಳಲ್ಲಿ ಹಾಗೇ ತಿಂದಿದ್ದರು.
ಅವಳು ಮೇಜಿನ ಅಂಚಿಗೆ ಕುಟ್ಟಿದಳು.
ಆ ಟಕ್ಕೆಂಬ ಸದ್ದಿಗೆ ನಲವತ್ತು ಚಮಚ ನಿಂತವು.
ಸುಲಿದಳು, ಅವಸರವಿಲ್ಲದೆ. ಎರಡು ಹೋಳು ಮಾಡಿ
ಒಂದನ್ನು ನನ್ನ ತಟ್ಟೆಗಿಟ್ಟು
ಉಪ್ಪು ಕೇಳುವ ದನಿಯಲ್ಲೇ ಅಂದಳು:
‘ಕ್ರಿಸ್ತ ಎದ್ದಿದ್ದಾನೆ ಕಣೇ. ನಿನಗೂ.’

ನಿನಗೂ.
ಅದೊಂದು ಪದವನ್ನು ಇಷ್ಟು ವರ್ಷ ಅಗಿಯುತ್ತಿದ್ದೇನೆ.

ಅವಳಿಗೆ ಭಯವೇ ಇರಲಿಲ್ಲವೆಂದು
ಈಗ ಭಾಷಣ ಮಾಡುತ್ತಾರೆ.
ಪಕ್ಕದಲ್ಲಿ ಕೂತಿದ್ದವಳು ನಾನು, ನನ್ನನ್ನು ಕೇಳಿ:
ಮೇಜಿನ ಕೆಳಗೆ ಅವಳ ಮಂಡಿ
ಹೊಲಿಗೆಯಂತ್ರದ ಹಾಗೆ ಬಡಿದುಕೊಳ್ಳುತ್ತಿತ್ತು,
ನನ್ನ ಮಂಡಿಗೆ ತಾಗುತ್ತಿತ್ತು.
ಭಯ ಕೆಳಗಿತ್ತು, ಮೊಟ್ಟೆ ಮೇಲಿತ್ತು. ಅಷ್ಟೆ.

ನಾನು ತಿಂದೆ.
ಹಳದಿ ಗಂಟಲಿಗಂಟಿತು. ನೀರು ಕುಡಿದೆ.

ಗುರುವಾರ, ಹಿಂದಿನ ಕೋಣೆ. ಅವನಿಗಾಗಲೇ ಗೊತ್ತಿತ್ತು;
ಯಾವುದೋ ನಾಲಿಗೆ ನನಗಿಂತ ಬೇಗ ಓಡಿತ್ತು.
‘ನೀನೂ ತಿಂದೆಯಂತೆ?’
‘ಹಸಿವಾಗಿತ್ತು.’
‘ಏನಂದಳು?’
ಕೇಳಿಸಲಿಲ್ಲ ಎನ್ನಬಹುದಿತ್ತು.
ಅವಳಂದದ್ದನ್ನೇ ಒಪ್ಪಿಸಿದೆ,
ಕೊನೆಯ ಪದ ಒಂದನ್ನು ಬಿಟ್ಟು.
ಹೆದರಿ ಬಿಟ್ಟೆನೋ, ನನಗೇ ಇರಲಿ ಎಂದು ಬಿಟ್ಟೆನೋ,
ಇಂದಿಗೂ ತಿಳಿಯದು.

ಎಂಟು ವರ್ಷ ಕೊಟ್ಟರು ಅವಳಿಗೆ.
ಜೌಗು ಬಯಲಿನ ಶಿಬಿರದಿಂದ
ಐದನೆಯ ವರ್ಷ ಅವಳ ಕೋಟು ಮಾತ್ರ ಬಂತು.

ಈಗ ಇಗರ್ಜಿಯ ಗಂಟೆ ಕೇಳುತ್ತದೆ, ಬಾಂಗೂ ಕೇಳುತ್ತದೆ.
ಅಂಗಡಿಯಲ್ಲಿ ಬಣ್ಣದ ಪುಡಿಯ ಪೊಟ್ಟಣ, ಏಳು ಬಗೆ.
ನಾನು ಚಳಿಗಾಲವಿಡೀ ಈರುಳ್ಳಿ ಸಿಪ್ಪೆ ಕೂಡಿಟ್ಟೆ.
ಕುದಿಸಿದೆ. ಸೇತುವೆ ದಾಟಿ
ಪ್ರೆಂದೆಯ ಮಗಳು ಮ್ರಿಕಾಳ ಬಾಗಿಲು ತಟ್ಟಿದೆ.
ಮಂಡಿ ಬಡಿದುಕೊಳ್ಳುತ್ತಿತ್ತು.
ತಾಗಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಮೊದಲು ಆ ಕೋಣೆಯ ಕತೆ ಹೇಳಿದೆ,
ಪೂರ್ತಿ, ಬೆಣ್ಣೆಯವರೆಗೆ.
ಆಮೇಲೆ ಅವಳಮ್ಮನ ಮಾತು,
ಕೊನೆಯ ಪದದ ಸಮೇತ,
ಕೆಳಮನೆಯವರಿಗೂ ಕೇಳುವಷ್ಟು ಗಟ್ಟಿಯಾಗಿ.

ಅವಳು ಚೌಕಟ್ಟು ಹಿಡಿದು ನಿಂತಿದ್ದಾಳೆ.
ಮೊಟ್ಟೆ ಇನ್ನೂ ನನ್ನ ಅಂಗೈಯಲ್ಲಿದೆ.
ಬಾಗಿಲು ಹಾಕಿಲ್ಲ.